ನಲವತ್ತೆಂಟರ ಗುಟ್ಟು

ಹೊನ್ನಾಳಿ-ನ್ಯಾಮತಿ ಸೀಮೆಯ ಗೋವಿನಕೋವಿಯಲ್ಲಿ ಒಂದು ಮನೆ. ಬೇಸಗೆಯ ಸಂಜೆ. ನಡುಮನೆಯ ಕಂಬಕ್ಕೆ ಒರಗಿ ಕುಳಿತ ಅಜ್ಜನವರು ಅಡಕತ್ತರಿಯಿಂದ ಅಡಕೆ ಹೋಳು ಮಾಡುತ್ತಿದ್ದಾರೆ. ವಯಸ್ಸು ಎಂಬತ್ತನ್ನು ದಾಟಿದೆ. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯೂ ಆಗಿದೆ. ಎದುರಿನ ಮೇಜಿನ ಮುಂದೆ ಮೊಮ್ಮಗ. ಬೆಂಗಳೂರಿನಲ್ಲಿ ನೌಕರಿಗೆ ಸೇರಿ ಇನ್ನೂ ವರ್ಷ ತುಂಬಿಲ್ಲ. ರಜೆಗೆ ಬರುವಾಗ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿನಿಂದ ಇಳಿಸದೆ ತಂದಿದ್ದಾನೆ. ಅದರೊಳಗಿದ್ದುದು ಹೊಸ ಬಗೆಯ ಮಾನಿಟರು. ಆಟದ ವೇಗ ಹೇಗೆ ಹೇಗೆ ಬದಲಾಗುವುದೋ ಹಾಗೆ ಹಾಗೆ ತನ್ನ ವೇಗವನ್ನೂ ಬದಲಿಸಿಕೊಳ್ಳಬಲ್ಲ ಪರದೆ. ‘ವೇರಿಯಬಲ್ ರಿಫ್ರೆಶ್ ರೇಟ್’ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ.

ಅದನ್ನು ಕೊಂಡದ್ದರ ಹಿಂದೆ ಒಂದು ಕಾರಣವಿತ್ತು. ಹುಡುಗನ ತಂದೆ ಶಿವಮೊಗ್ಗದಲ್ಲಿ ಕಂಪ್ಯೂಟರ್ ಕಲಿತವರು. ಹಳೆಯದೊಂದು ಯಂತ್ರವನ್ನು ಮನೆಗೆ ತಂದು, ರಾತ್ರಿ ಊಟವಾದ ಮೇಲೆ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ ಆಡುತ್ತಿದ್ದರು. ತಂದೆ ಈಗ ಇಲ್ಲ. ಆ ಯಂತ್ರವೂ ತುಕ್ಕು ಹಿಡಿದು ಗುಜರಿಗೆ ಹೋಯಿತು. ಆಟವನ್ನಾದರೂ ತಂದೆ ಆಡುತ್ತಿದ್ದಂತೆಯೇ ತಾಯಿಗೂ ಅಜ್ಜನಿಗೂ ಮತ್ತೊಮ್ಮೆ ತೋರಿಸಬೇಕೆಂಬುದು ಅವನ ಆಸೆ. ಹಳೆಯ ಆಟಗಳಿಗೆ ಇಂಥ ಪರದೆಯೇ ಸರಿಯೆಂದು ಗೆಳೆಯರು ಹೇಳಿದ್ದರು, ನಂಬಿ ಕೊಂಡುಬಿಟ್ಟ. ಏಳು ದಿನಗಳೊಳಗೆ ಮರಳಿಸಿದರೆ ಹಣ ವಾಪಸು. ನಾಲ್ಕು ದಿನ ಆಗಲೇ ಕಳೆದಿತ್ತು. ಇತ್ತ ತೋಟದ ಕೊಳವೆಬಾವಿಯ ಮೋಟಾರು ಸುಟ್ಟುಹೋಗಿ, ತಾಯಿ ರಿವೈಂಡಿಂಗ್ ಖರ್ಚಿನ ಲೆಕ್ಕ ಹಾಕುತ್ತಿದ್ದರು. ಮಗನನ್ನು ಮಾತ್ರ ಬಾಯಿಬಿಟ್ಟು ಕೇಳಿರಲಿಲ್ಲ.

ಪರದೆಯ ಮೇಲೆ ಕತ್ತಲೆಯ ಸೆರೆಮನೆ ಮೂಡಿತು. ಬಿಳಿಯ ಉಡುಪಿನ ರಾಜಕುಮಾರ ಓಡತೊಡಗಿದ.

“ಮಗಾ, ನಿನ್ನ ಪರದೆ ಮಿಣುಕ್ತೈತಲ್ಲೋ” ಎಂದರು ಅಜ್ಜ, ಅಡಕೆಯಿಂದ ಕಣ್ಣೆತ್ತದೆಯೇ.

“ಎಲ್ಲಿ ಅಜ್ಜ? ನನಗೇನೂ ಕಾಣ್ತಿಲ್ಲ.”

“ನೆಟ್ಟಗೆ ನೋಡಿದ್ರೆ ಕಾಣಂಗಿಲ್ಲ. ಇಲ್ಲಿ ಬಾ, ಗೋಡೆ ಕಡೆ ಮುಖ ಮಾಡು, ಓರೆಗಣ್ಣಾಗೆ ನೋಡು.”

ಹುಡುಗ ಹಾಗೆಯೇ ಮಾಡಿದ. ನಿಜ! ಸೆರೆಮನೆಯ ಬೂದು ಬಣ್ಣದ ಗೋಡೆಗಳೆಲ್ಲ ಗಾಳಿಗೆ ಸಿಕ್ಕ ದೀಪದಂತೆ ಸಣ್ಣಗೆ ಅಲುಗುತ್ತಿದ್ದವು. ನಾಲ್ಕು ದಿನದಿಂದ ಆಟ ಆಡಿದಾಗಲೆಲ್ಲ ತಲೆ ಭಾರವಾಗುತ್ತಿದ್ದುದರ ಕಾರಣ ಆಗ ಹೊಳೆಯಿತು.

ಇದರಲ್ಲಿ ಅಜ್ಜನ ಪವಾಡವೇನೂ ಇಲ್ಲ. ಮನುಷ್ಯನ ಕಣ್ಣಿನ ನಡುಭಾಗ ವಿವರವನ್ನು ಚೆನ್ನಾಗಿ ಗ್ರಹಿಸುತ್ತದೆ. ಆದರೆ ಬೆಳಕಿನ ಏರಿಳಿತವನ್ನು ಅಂಚಿನ ಭಾಗವೇ ಬೇಗ ಗುರುತಿಸುತ್ತದೆ. ಓದುವಾಗ ಪಕ್ಕದಲ್ಲಿ ಕೆಟ್ಟ ಟ್ಯೂಬ್‌ಲೈಟು ಮಿಣುಕಿದರೆ ಗೊತ್ತಾಗುವುದು, ಅದನ್ನೇ ದಿಟ್ಟಿಸಿದಾಗ ಅಷ್ಟಾಗಿ ಗೊತ್ತಾಗದಿರುವುದು ಇದರಿಂದಲೇ. ಆದರೆ ಅಜ್ಜನಿಗೆ ಈ ಸಂಗತಿ ಪುಸ್ತಕದಿಂದ ಬಂದುದಲ್ಲ. ಹರೆಯದಲ್ಲಿ ಅವರು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ನ್ಯಾಮತಿ, ಸವಳಂಗ, ಸಾಸ್ವೆಹಳ್ಳಿಗಳ ಬಯಲಿನಲ್ಲಿ ಡೇರೆ ಹಾಕಿ, ದೇವರ ಹಾಡನ್ನು ಧ್ವನಿವರ್ಧಕದಲ್ಲಿ ಹಚ್ಚಿ, ನೆಲದ ಮೇಲೆ ಕುಳಿತ ಜನಕ್ಕೆ ಬೆಳಕಿನ ಕಥೆ ಹೇಳಿದವರು. ಬೆಳಕು ಮಿಣುಕಿದರೆ ಜನ ಶಿಳ್ಳೆ ಹಾಕುತ್ತಾರೆಂಬ ಭಯ ಅವರ ಕಣ್ಣಿಗೆ ಅಂಟಿಕೊಂಡೇ ಉಳಿದಿದೆ.

“ನಿನ್ನ ರಾಜಕುಮಾರ ಸೆಕೆಂಡಿಗೆ ಎಷ್ಟು ಚಿತ್ರ?” ಎಂದು ಕೇಳಿದರು ಅಜ್ಜ.

“ಹನ್ನೆರಡು ಇರಬೇಕು, ಅಜ್ಜ.”

“ಹಂಗಾದ್ರೆ ನಾಕು ರೆಕ್ಕೆ ಬೇಕು ಅದಕ್ಕೆ.”

ಮೊಮ್ಮಗನಿಗೆ ಇದು ಅರ್ಥವಾಗಲಿಲ್ಲ. ವಾಚಕರಿಗೂ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ. ಅಜ್ಜ ಎದ್ದು, ಮಾನಿಟರು ಬಂದಿದ್ದ ಪೆಟ್ಟಿಗೆಯ ಮುಚ್ಚಳಕ್ಕೆ ಕತ್ತರಿ ಹಿಡಿದರು.

“ಅಜ್ಜಾ, ಅದು ಬೇಡ! ವಾಪಸು ಕೊಡೋದಾದ್ರೆ ಪೆಟ್ಟಿಗೆ ಸರಿಯಾಗಿರಬೇಕು.”

ಒಲೆಯ ಮುಂದಿದ್ದ ತಾಯಿ ಒಮ್ಮೆ ತಿರುಗಿ ನೋಡಿದರು, ಏನನ್ನೂ ಹೇಳಲಿಲ್ಲ. ಅಜ್ಜ ಹಳೆಯ ಕ್ಯಾಲೆಂಡರಿನ ರಟ್ಟನ್ನು ಎಳೆದುಕೊಂಡರು.

* * *

ಸಿನಿಮಾ ಯಂತ್ರದ ಮರ್ಮವನ್ನು ಅಜ್ಜ ತೋರಿಸಿಕೊಟ್ಟ ಬಗೆ ಯಾವ ಮನೆಯಲ್ಲಾದರೂ ಮಾಡಿ ನೋಡಬಹುದಾದದ್ದು. ರಟ್ಟಿನಿಂದ ಒಂದು ಚಕ್ರವನ್ನು ಕತ್ತರಿಸಿ, ಅದರಲ್ಲಿ ಒಂದೇ ಒಂದು ರೆಕ್ಕೆ ಉಳಿಯುವಂತೆ ಮಾಡಿ, ನಡುವೆ ದಬ್ಬಳ ಚುಚ್ಚಿ ಟಾರ್ಚಿನ ಮುಂದೆ ತಿರುಗಿಸಿದರು. ಗೋಡೆಯ ಮೇಲಿನ ಬೆಳಕು ಸುತ್ತಿಗೊಮ್ಮೆ ಆರಿ ಹತ್ತಿ, ನೋಡುವವರ ಕಣ್ಣು ಕುಕ್ಕಿತು. ಇನ್ನೊಂದು ಚಕ್ರಕ್ಕೆ ಮೂರು ರೆಕ್ಕೆ ಬಿಟ್ಟು ಅದೇ ವೇಗದಲ್ಲಿ ತಿರುಗಿಸಿದರು. ಕೈಯ ವೇಗ ಹೆಚ್ಚಲಿಲ್ಲ. ಆದರೆ ಮಿಣುಕು ಎಷ್ಟೋ ಪಾಲು ತಗ್ಗಿ ಬೆಳಕು ಹೆಚ್ಚು ಕಡಿಮೆ ನಿಂತಂತಾಯಿತು.

ವಾಕ್ಚಿತ್ರದ ರೀಲು ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಒಂದೊಂದು ಚಿತ್ರವೂ ಕಿಂಡಿಯ ಮುಂದೆ ಅರೆಕ್ಷಣ ನಿಂತು, ಷಟರಿನ ರೆಕ್ಕೆ ಬೆಳಕನ್ನು ಮರೆಮಾಡಿದಾಗ ಕೆಳಕ್ಕೆ ಸರಿಯುತ್ತದೆ. 24 ಚಿತ್ರಗಳಿದ್ದರೆ ಚಲನೆ ಸಹಜವಾಗಿ ಕಾಣಲು ಸಾಕು. ಆದರೆ ಸೆಕೆಂಡಿಗೆ 24 ಸಲ ಮಾತ್ರ ಬೆಳಕು ಹತ್ತಿ ಆರಿದರೆ ಕಣ್ಣು ಸಹಿಸದು. ಆದ್ದರಿಂದ ಷಟರಿಗೆ ಇನ್ನೊಂದು ರೆಕ್ಕೆಯನ್ನು ಕೂಡಿಸಿದರು. ನಿಂತ ಚಿತ್ರವನ್ನೇ ಆ ರೆಕ್ಕೆ ನಡುವೆ ಒಮ್ಮೆ ಮರೆಮಾಡಿ ಮತ್ತೆ ತೋರಿಸುತ್ತದೆ. ಚಿತ್ರಗಳು 24 ಆದರೂ ಬೆಳಕಿನ ಮಿಂಚು 48. ಮೂಕಿಚಿತ್ರಗಳ ವೇಗ ಸುಮಾರಾಗಿ 16; ಅದಕ್ಕೆ ಮೂರು ರೆಕ್ಕೆ, ಮಿಂಚು ಮತ್ತೆ 48. ಹದಿನಾರು ಮಿಲಿಮೀಟರಿನ ಸಣ್ಣ ಯಂತ್ರಗಳಲ್ಲಿ ಮೂಕಿಗೊಂದು ಮಾತಿಗೊಂದು ಎಂದು ಎರಡು ವೇಗಗಳಿದ್ದು, ಷಟರಿಗೆ ಮೂರು ರೆಕ್ಕೆಗಳಿರುತ್ತಿದ್ದುದು ಇದೇ ಕಾರಣಕ್ಕೆ.

ಚಲನೆಗೆ ಬೇಕಾದ ಸಂಖ್ಯೆ ಬೇರೆ. ಕಣ್ಣಿನ ನೆಮ್ಮದಿಗೆ ಬೇಕಾದ ಸಂಖ್ಯೆ ಬೇರೆ. ಮೊದಲನೆಯದು ಕಡಿಮೆಯಿದ್ದರೂ ನಡೆಯುತ್ತದೆ, ಎರಡನೆಯದನ್ನು ತುಂಬಿಕೊಟ್ಟರೆ. ಈ ಒಂದು ತತ್ತ್ವದ ಮೇಲೆ ಜಗತ್ತಿನ ಸಿನಿಮಾ ಎಲ್ಲವೂ ನಿಂತಿತ್ತು. ಟಿ. ಪಿ. ಕೈಲಾಸಂ ಅವರೂ ಪಾತ್ರ ವಹಿಸಿದ 1931ರ ಮೂಕಿಚಿತ್ರ ‘ವಸಂತಸೇನಾ’ ಓಡಿದ್ದೂ ಹೀಗೆಯೇ. 1934ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಓಡಿದ್ದೂ ಹೀಗೆಯೇ.

ವೇಗ ತಪ್ಪಿದರೆ ಏನಾಗುತ್ತದೆಂಬುದೂ ಎಲ್ಲರಿಗೆ ಗೊತ್ತಿರುವ ಸಂಗತಿ. ಹದಿನಾರರ ಮೂಕಿಯನ್ನು ಇಪ್ಪತ್ತನಾಲ್ಕರಲ್ಲಿ ಓಡಿಸಿದರೆ ಗಂಭೀರರಾದ ಮಹನೀಯರೂ ಗುಬ್ಬಚ್ಚಿಯಂತೆ ಕುಪ್ಪಳಿಸುತ್ತಾರೆ. ಟೆಲಿವಿಷನ್ ಬಂದ ಮೇಲೆ ಇನ್ನೊಂದು ತೊಡಕು. ನಮ್ಮ ದೇಶದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತ. ಜೋಗದಲ್ಲಿ ಉತ್ಪನ್ನವಾಗುವುದೂ ಅದೇ. ಟಿ.ವಿ.ಯ ಲೆಕ್ಕವನ್ನೂ ಅದಕ್ಕೆ ಸರಿಹೊಂದಿಸಿ 50 ಅರ್ಧಚಿತ್ರಗಳು, ಅಂದರೆ 25 ಪೂರ್ಣಚಿತ್ರಗಳು ಎಂದು ಗೊತ್ತುಮಾಡಿದರು. 24ರ ಸಿನಿಮಾವನ್ನು 25ರಲ್ಲಿ ತೋರಿಸುವುದೇ 50 ಆವರ್ತದ ದೇಶಗಳ ವಾಡಿಕೆ. ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತದೆ. ಹಾಡಿನ ಶ್ರುತಿಯೂ ಅರೆಸ್ವರಕ್ಕೆ ಸ್ವಲ್ಪ ಕಡಿಮೆಯಷ್ಟು ಮೇಲೇರುತ್ತದೆ. ಮನೆಮಂದಿಯೆಲ್ಲ ಚಾಪೆ ಹಾಸಿ ಕುಳಿತು ನೋಡುವಾಗ ಈ ಆರು ನಿಮಿಷಗಳನ್ನು ಕೇಳುವವರು ಯಾರು?

* * *

ಕಂಪ್ಯೂಟರ್ ಆಟಗಳಲ್ಲಿ ಈ ಗೊಂದಲ ನೂರ್ಮಡಿ. ಸಿನಿಮಾಕ್ಕಾದರೆ ಒಂದೇ ವೇಗ. ಆಟಗಳಿಗೆ ತಲೆಗೊಂದು ವೇಗ.

1978ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಸ್ಪೇಸ್ ಇನ್‌ವೇಡರ್ಸ್’ ಆಟದಲ್ಲಿ ಶತ್ರುಗಳು ಕಡಿಮೆಯಾದಂತೆಲ್ಲ ಉಳಿದವರ ಓಟ ಚುರುಕಾಗುತ್ತಿತ್ತು. ಚಿತ್ರಿಸಬೇಕಾದ ಆಕೃತಿಗಳು ಕಡಿಮೆಯಾದರೆ ಯಂತ್ರದ ಹೊರೆ ತಗ್ಗುತ್ತಿತ್ತು, ಅಷ್ಟೆ. ಆದರೆ ಆಡುವವರಿಗೆ ಅದೇ ರಸವಾಯಿತು! 1992ರ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಕಾದಾಟದ ಯಂತ್ರ ಸೆಕೆಂಡಿಗೆ ಸುಮಾರು 54.7 ಚಿತ್ರಗಳನ್ನು ತೋರಿಸುತ್ತಿತ್ತು. 1993ರ ‘ಡೂಮ್’ ಆಟದ ಮಿತಿ 35. ಇನ್ನು ಗೋವಿನಕೋವಿಯ ಮನೆಯಲ್ಲಿ ಓಡಿದ ರಾಜಕುಮಾರನ ಕಥೆಯೇ ಬೇರೆ. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ಅದನ್ನು ವಿಡಿಯೋದಲ್ಲಿ ಹಿಡಿದು, ಒಂದೊಂದು ಭಂಗಿಯನ್ನೂ ಗೆರೆಯ ಮೇಲೆ ಗೆರೆ ಎಳೆದು ನಕಲಿಸಿದ. ಆಟ 1989ರಲ್ಲಿ ಹೊರಬಂತು; ಮರುವರ್ಷ ನಮ್ಮ ಕಂಪ್ಯೂಟರ್ ತರಗತಿಗಳಿಗೆ ಪರಿಚಿತವಾದ ‘ಡಾಸ್’ ಯಂತ್ರಗಳಿಗೂ ಬಂತು. ಅಲ್ಲಿ ಚಿತ್ರ ಬದಲಾಗುವುದು ಸೆಕೆಂಡಿಗೆ ಸುಮಾರು 12 ಸಲ. ಕತ್ತಿಯ ಕಾಳಗದಲ್ಲಿ 10 ಸಲ. ಇಷ್ಟು ಕಡಿಮೆ ಚಿತ್ರಗಳಿದ್ದರೂ ಆ ಓಟ ಜೀವಂತವಾಗಿ ಕಂಡದ್ದು ನಿಜವಾದ ದೇಹವೊಂದರ ನೆರಳು ಅದಾಗಿದ್ದರಿಂದ.

1990ರ ದಶಕದಲ್ಲಿ ನಗರದ ಮಧ್ಯಮವರ್ಗದ ಮನೆಗಳಲ್ಲಿ ‘ಟಿ.ವಿ. ವಿಡಿಯೋ ಗೇಮ್’ ಎಂಬ ಪ್ಲಾಸ್ಟಿಕ್ ಪೆಟ್ಟಿಗೆ ಇದ್ದಿತಷ್ಟೆ. ಅದರ ಮೂಲ 1983ರ ಜಪಾನಿನ ‘ಫ್ಯಾಮಿಕಾಂ’. ಮೂಲಯಂತ್ರ 60ರ ಟಿ.ವಿ.ಗೆ ಹುಟ್ಟಿದ್ದು; ನಮ್ಮಂಥ 50ರ ದೇಶಗಳಿಗೆಂದು ತಯಾರಾದ ಅದರ ಪ್ರತಿಕೃತಿಗಳಲ್ಲಿ ಆಟವೂ ಸಂಗೀತವೂ ಆರರಲ್ಲಿ ಒಂದು ಪಾಲು ನಿಧಾನವಾದವು. ಇಂದು ಮೂಲ ವೇಗದಲ್ಲಿ ಅದೇ ಹಾಡನ್ನು ಕೇಳಿದ ನಲವತ್ತರ ಗೃಹಸ್ಥರು “ಇದೇಕೆ ಇಷ್ಟು ಅವಸರ?” ಎಂದು ಹುಬ್ಬು ಗಂಟಿಕ್ಕುತ್ತಾರೆ. ಅವರ ನೆನಪು ಸುಳ್ಳಲ್ಲ. ಅವರ ಬಾಲ್ಯವೇ ಐವತ್ತರ ತಾಳದಲ್ಲಿ ನಡೆಯಿತು.

ಇಂಥ ನಾನಾ ವೇಗಗಳ ಆಟಗಳನ್ನು ಸೆಕೆಂಡಿಗೆ ಸರಿಯಾಗಿ 60 ಸಲ ಹೊಸತಾಗುವ ಸಾಮಾನ್ಯ ಪರದೆಯ ಮೇಲೆ ಓಡಿಸುವುದೆಂದರೆ ಹೆಜ್ಜೆ ಕೂಡದ ಎರಡು ಎತ್ತುಗಳನ್ನು ಒಂದೇ ಗಾಡಿಗೆ ಕಟ್ಟಿದಂತೆ. ‘ಡೂಮ್’ ಆಟದ 35 ಚಿತ್ರಗಳನ್ನು 60ಕ್ಕೆ ಹಂಚುವುದು ಹೇಗೆ? ಪ್ರತಿ ಏಳು ಚಿತ್ರಗಳಲ್ಲಿ ಐದು ಚಿತ್ರಗಳು ಎರಡೆರಡು ಸಲ, ಉಳಿದೆರಡು ಒಂದೊಂದೇ ಸಲ ತೋರಬೇಕಾಗುತ್ತದೆ. ಅಂದರೆ ಕೆಲವು ಚಿತ್ರಗಳು 33 ಮಿಲಿಸೆಕೆಂಡ್ ನಿಲ್ಲುತ್ತವೆ. ಕೆಲವು 17ರಲ್ಲಿ ಮಾಯವಾಗುತ್ತವೆ. ಗಾಡಿ ಕುಲುಕುತ್ತದೆ. ಪರದೆಗಾಗಿ ಕಾಯದೆ ಚಿತ್ರವನ್ನು ನೂಕಿದರೆ ಇನ್ನೂ ಕೇಡು: ಮೇಲರ್ಧದಲ್ಲಿ ಒಂದು ಚಿತ್ರ, ಕೆಳಗರ್ಧದಲ್ಲಿ ಇನ್ನೊಂದು, ನಡುವೆ ಹರಿದ ಸೀರೆಯಂಥ ಗೆರೆ.

ಹೊಸ ಮಾನಿಟರು ಈ ಕಷ್ಟಕ್ಕೆಂದೇ ಬಂದುದು. 2013ರಲ್ಲಿ ಎನ್‌ವಿಡಿಯಾ ಸಂಸ್ಥೆ ‘ಜಿ-ಸಿಂಕ್’ ಎಂಬ ಹೆಸರಿನಿಂದ ಇದನ್ನು ಪ್ರಕಟಿಸಿತು. 2014ರಲ್ಲಿ ವೆಸಾ ಸಂಸ್ಥೆ ಎಲ್ಲರೂ ಬಳಸಬಹುದಾದ ಮಾನಕವನ್ನು ರೂಪಿಸಿತು, ಎ.ಎಂ.ಡಿ.ಯ ‘ಫ್ರೀಸಿಂಕ್’ ಅದನ್ನೇ ಆಧರಿಸಿ ಬಂತು. 2017ರ ಎಚ್‌ಡಿಎಂಐ 2.1ರೊಡನೆ ಟಿ.ವಿ.ಗಳಿಗೂ ಈ ವಿದ್ಯೆ ತಲುಪಿತು. ತತ್ತ್ವ ಸರಳ. ಹಳೆಯ ಪರದೆ ಗಡಿಯಾರದ ಟಿಕ್ ಟಿಕ್ಕಿಗೆ ಕಟ್ಟುಬಿದ್ದದ್ದು. ಹೊಸದು ಗಾಯಕರ ಮುಖವನ್ನೇ ನೋಡುತ್ತ ನುಡಿಸುವ ಮೃದಂಗದವರಂತೆ. ಚಿತ್ರ ಸಿದ್ಧವಾದಾಗ ತೋರಿಸುತ್ತದೆ. ಸಿದ್ಧವಾಗದಿದ್ದರೆ ಹಿಂದಿನದನ್ನೇ ಹಿಡಿದುಕೊಂಡು ಕಾಯುತ್ತದೆ. 54.7ರ ಕಾದಾಟವನ್ನು 54.7ರಲ್ಲಿಯೇ, 60.1ರ ಫ್ಯಾಮಿಕಾಂ ಆಟವನ್ನು 60.1ರಲ್ಲಿಯೇ ಕುಲುಕಿಲ್ಲದೆ ತೋರಿಸಬಲ್ಲದು. ಸಾಮಾನ್ಯ 60ರ ಪರದೆಯಾದರೆ ಆ ಹತ್ತನೆಯ ಒಂದು ಪಾಲಿನ ಅಂತರಕ್ಕೇ ಸುಮಾರು ಹತ್ತು ಸೆಕೆಂಡಿಗೊಮ್ಮೆ ಒಂದು ಚಿತ್ರವನ್ನು ನುಂಗಿಹಾಕಬೇಕಾಗುತ್ತದೆ.

* * *

ಹಾಗಾದರೆ ಗೋವಿನಕೋವಿಯ ಪರದೆ ಮಿಣುಕಿದ್ದೇಕೆ? ಕಾಯುವುದಕ್ಕೂ ಒಂದು ಮಿತಿಯುಂಟು. ಎಲ್‌ಸಿಡಿ ಪರದೆಯ ಒಂದೊಂದು ಬಿಂದುವೂ ವಿದ್ಯುದಂಶವನ್ನು ತುಂಬಿಟ್ಟ ಸಣ್ಣ ಗಡಿಗೆಯಂತೆ. ಗಡಿಗೆಯಲ್ಲಿ ಕಣ್ಣಿಗೆ ಕಾಣದ ಸೋರಿಕೆ. ಆಗಾಗ ತುಂಬುತ್ತಿದ್ದರೆ ಮಟ್ಟ ನಿಲ್ಲುತ್ತದೆ. ಬಹಳ ಹೊತ್ತು ಬಿಟ್ಟರೆ ಬೆಳಕು ಬದಲಾಗುತ್ತದೆ. ಆದ್ದರಿಂದ ತಯಾರಕರು ಕೆಳಗೊಂದು ಮೇಲೊಂದು ಗಡಿಯನ್ನು ಹಾಕುತ್ತಾರೆ. ಅನೇಕ ಮಾನಿಟರುಗಳಲ್ಲಿ ಕೆಳಗಿನ ಗಡಿ ಎಷ್ಟೆಂದು ಬಲ್ಲಿರಾ? ಅದೇ 48! ಟಾಕೀಸಿನ ಷಟರಿನಿಂದ ಹೊಮ್ಮುತ್ತಿದ್ದ ಅದೇ ನಲವತ್ತೆಂಟು.

ಆಟ ಈ ಗಡಿಗಿಂತ ಕೆಳಗಿಳಿದಾಗ ಹೊಸ ಯಂತ್ರಗಳು ಮಾಡುವುದೂ ಟಾಕೀಸಿನ ಉಪಾಯವನ್ನೇ. ಒಂದೇ ಚಿತ್ರವನ್ನು ಎರಡು, ಮೂರು ಅಥವಾ ನಾಲ್ಕು ಸಲ ತೋರಿಸಿ ಒಟ್ಟು ಸಂಖ್ಯೆಯನ್ನು ಗಡಿಯೊಳಕ್ಕೆ ಎತ್ತುತ್ತವೆ. 35ರ ‘ಡೂಮ್’ ಎರಡರಿಂದ ಗುಣಿಸಿ 70 ಆಗುತ್ತದೆ. ಸೊಗಸೆಂದರೆ, 1993ರ ಕಂಪ್ಯೂಟರಿನ ಪರದೆಯೂ ಆ ಆಟವನ್ನು 70ರಲ್ಲಿಯೇ, ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸುತ್ತಿತ್ತು. ಹೊಸತು ಸುತ್ತು ಹಾಕಿಕೊಂಡು ಹಳತಿನ ಮನೆಬಾಗಿಲಿಗೇ ಬಂದು ನಿಂತಂತಾಯಿತು. ಚೌಕಕಾಲದ ಕೃತಿಗೆ ಮೃದಂಗದವರು ನಡುನಡುವೆ ಇಮ್ಮಡಿ ಪೆಟ್ಟು ತುಂಬುವುದಿಲ್ಲವೆ? ಅದೇ ರೀತಿ.

ಆದರೆ ಷಟರಿಗೂ ಮಾನಿಟರಿಗೂ ಒಂದು ಭೇದವುಂಟು. ರೀಲು ಎಂದೂ ತಾಳ ತಪ್ಪದು. ಮುಂದಿನ ಚಿತ್ರ ಯಾವಾಗ ಬರುವುದೆಂದು ಷಟರಿಗೆ ಗೊತ್ತು. ಮಾನಿಟರಿಗೆ ಗೊತ್ತಿಲ್ಲ. ಕಳೆದ ಚಿತ್ರಗಳ ಅಂತರವನ್ನು ನೋಡಿ ಮುಂದಿನದನ್ನು ಊಹಿಸಬೇಕು. ಹಳೆಯ ಯಂತ್ರಗಳನ್ನು ಅನುಕರಿಸುವ ಕೆಲವು ಸಾಫ್ಟ್‌ವೇರುಗಳು ಪರದೆಯಲ್ಲಿ ಏನಾದರೂ ಬದಲಾದಾಗ ಮಾತ್ರ ಹೊಸ ಚಿತ್ರವನ್ನು ಕಳುಹಿಸುತ್ತವೆ. ರಾಜಕುಮಾರ ಓಡಿದರೆ ಸೆಕೆಂಡಿಗೆ 12, ಕಾದಾಡಿದರೆ 10, ಸುಮ್ಮನೆ ನಿಂತರೆ ಇನ್ನೂ ಕಡಿಮೆ. ಮಾನಿಟರಿನ ಊಹೆ ತಪ್ಪುತ್ತ ಹೋಗುತ್ತದೆ. ಒಮ್ಮೆ ಬೇಗ ತುಂಬುತ್ತದೆ, ಒಮ್ಮೆ ತಡವಾಗಿ. ಗಡಿಗೆಯ ಮಟ್ಟ ಏರಿ ಇಳಿಯುತ್ತದೆ. ಬೆಳ್ಳನೆಯ ದೃಶ್ಯದಲ್ಲಿ ಇದು ಅಷ್ಟಾಗಿ ಕಾಣದು. ಕಗ್ಗತ್ತಲೆಗೆ ಹತ್ತಿರದ ಬೂದುಬಣ್ಣದಲ್ಲಿ, ಅದರಲ್ಲಿಯೂ ‘ವಿ.ಎ.’ ಮತ್ತು ‘ಓಎಲ್‌ಇಡಿ’ ಜಾತಿಯ ಪರದೆಗಳಲ್ಲಿ, ಎದ್ದು ಕಾಣುತ್ತದೆ. ರಾಜಕುಮಾರನ ಸೆರೆಮನೆಯಾದರೋ ಮೊದಲಿಂದ ಕೊನೆಯವರೆಗೆ ಕತ್ತಲೆ!

ಮಿಣುಕನ್ನು ಹುಡುಗಾಟಿಕೆಯೆಂದು ತಳ್ಳಿಹಾಕಲಾಗದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೋಕೆಮಾನ್’ ಎಂಬ ಮಕ್ಕಳ ವ್ಯಂಗ್ಯಚಿತ್ರದ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಬದಲಾಗಿ, ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಬಹುಪಾಲು ಮಕ್ಕಳು. ಮಾನಿಟರಿನ ಮಂದವಾದ ಅಲುಗಾಟ ಅಷ್ಟು ಪ್ರಬಲವಾದುದಲ್ಲ, ನಿಜ. ಆದರೂ ಮೂರ್ಛೆಯ ಪ್ರವೃತ್ತಿಯುಳ್ಳವರಿರುವ ಮನೆಯಲ್ಲಿ ಯಾವ ಮಿಣುಕನ್ನೂ ಹಗುರವಾಗಿ ಎಣಿಸಬಾರದು. ಆಟ ಆಡಿ ತಲೆ ನೋಯುತ್ತದೆಂದು ಮಕ್ಕಳು ಹೇಳಿದರೆ ಗದರಿಸುವ ಮೊದಲು ಪರದೆಯನ್ನು ಓರೆಗಣ್ಣಿನಿಂದ ಒಮ್ಮೆ ನೋಡುವುದು ಒಳ್ಳೆಯದು.

ಇಂಥ ಮಾನಿಟರನ್ನು ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದದ್ದು ಎರಡು ಅಂಕಿಗಳನ್ನು: ಕೆಳಗಿನ ಗಡಿ, ಮೇಲಿನ ಗಡಿ. ಮೇಲಿನದು ಕೆಳಗಿನದರ ಎರಡರಷ್ಟಾದರೂ ಇರಬೇಕು. 48ರಿಂದ 144 ಎಂದಿದ್ದರೆ ಯಾವ ಆಟವನ್ನಾದರೂ ಗುಣಿಸಿ ಒಳಕ್ಕೆ ತರಬಹುದು. 48ರಿಂದ 75 ಎಂದಿದ್ದರೆ ತೊಡಕು. 20ನ್ನು ಮೂರರಿಂದ ಗುಣಿಸಿ 60 ಮಾಡಬಹುದು. 35ನ್ನು 70 ಮಾಡಬಹುದು. ಆದರೆ 40ಕ್ಕೆ ಗತಿಯಿಲ್ಲ. 40 ಗಡಿಯ ಕೆಳಗೆ, 80 ಗಡಿಯ ಮೇಲೆ. ಅತ್ತ ದರಿ, ಇತ್ತ ಪುಲಿ!

* * *

ಗೋವಿನಕೋವಿಯಲ್ಲಿ ಆ ರಾತ್ರಿ ಮೊಮ್ಮಗ ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ಗುಣಾಕಾರ ಮಾಡುತ್ತ ಕುಳಿತ. ಅಜ್ಜ ಹೇಳಿದ ನಾಲ್ಕು ರೆಕ್ಕೆಯ ಅರ್ಥ ಈಗ ತಿಳಿಯಿತು: ಹನ್ನೆರಡು ನಾಲ್ಕಲೆ ನಲವತ್ತೆಂಟು. ಸಾಫ್ಟ್‌ವೇರಿನ ವ್ಯವಸ್ಥೆಯನ್ನು ಬದಲಿಸಿ, ಊಹೆಯ ಕೆಲಸವನ್ನು ಮಾನಿಟರಿಗೆ ಬಿಡದೆ, ಒಂದೊಂದು ಚಿತ್ರವನ್ನೂ ತಾನೇ ತಾಳ ತಪ್ಪದಂತೆ ಮತ್ತೆ ಮತ್ತೆ ಕಳುಹಿಸುವಂತೆ ಮಾಡಿದ. ಅಲುಗಾಟ ಬಹುಮಟ್ಟಿಗೆ ನಿಂತಿತು. ಆದರೆ 48 ಎಂಬುದು ಗಡಿಯ ಅಂಚು. ಅಂಚಿನ ಮೇಲೆ ನಡೆಯುವುದಕ್ಕಿಂತ ಒಂದು ಹೆಜ್ಜೆ ಒಳಗಿರುವುದು ಕ್ಷೇಮವೆಂದು ಐದು ಸಲ ಕಳುಹಿಸಿದ: ಹನ್ನೆರಡು ಐದಲೆ ಅರವತ್ತು. ಕಾಳಗದ 10 ಚಿತ್ರಗಳಾದರೆ ಆರು ಸಲ, ಅದೂ ಅರವತ್ತೇ. ಅಜ್ಜ ಗೋಡೆಗೆ ಮುಖ ಮಾಡಿ ಓರೆಗಣ್ಣಿನಿಂದ ನೋಡಿದರು.

“ಈಗ ನಿಂತ್ಕಂತು ನೋಡು” ಎಂದರು.

ಹುಡುಗ ಬರೆದ ಅಂಕಿಯನ್ನು ಮತ್ತೊಮ್ಮೆ ನೋಡಿದ. ಅರವತ್ತು. ಅರವತ್ತಕ್ಕೆ ಈ ಬೆಲೆಬಾಳುವ ಪರದೆ ಏಕೆ? ನಡುಮನೆಯ ಟಿ.ವಿ.ಯೂ ಅರವತ್ತರಲ್ಲಿ ಓಡುತ್ತದಲ್ಲ! 54.7ರ ಕಾದಾಟವನ್ನೋ 35ರ ‘ಡೂಮ್’ ಆಟವನ್ನೋ ನಿತ್ಯ ಆಡುವವರಿಗೆ ಹೊಸ ಮಾನಿಟರು ನಿಜಕ್ಕೂ ಉಪಕಾರಿ. ಆದರೆ ತಂದೆ ಆಡಿದ ಆಟ ಅರವತ್ತಕ್ಕೆ ನಿಶ್ಶೇಷವಾಗಿ ಭಾಗವಾಗುವಂಥದು. ಎಲ್ಲಿಯಾದರೂ ಒಂದು ಚಿತ್ರ ಅರವತ್ತನೆಯ ಒಂದು ಸೆಕೆಂಡು ಹೆಚ್ಚು ನಿಂತರೂ, ಮೊದಲೇ ಐದು ಪಾಲು ನಿಲ್ಲುವ ಚಿತ್ರಕ್ಕೆ ಅದೊಂದು ಲೆಕ್ಕವಲ್ಲ.

ಮರುದಿನ ಬೆಳಿಗ್ಗೆ ಮಾನಿಟರು ಮತ್ತೆ ತನ್ನ ಪೆಟ್ಟಿಗೆಯನ್ನು ಸೇರಿತು. ಮುಚ್ಚಳದ ಅಂಚಿನಲ್ಲಿ ಅಜ್ಜನ ಕತ್ತರಿ ತಾಕಿದ ಗುರುತು ಕೂದಲೆಳೆಯಷ್ಟು ಇತ್ತು. ಅಂಗಡಿಯವರ ಕಣ್ಣಿಗೆ ಅದು ಬೀಳಲಿಲ್ಲವೆಂದು ಆಮೇಲೆ ತಿಳಿಯಿತು. ಹಣ ಕೈಸೇರಿದೊಡನೆ ಹುಡುಗ ಮೋಟಾರಿನ ಮಾತನ್ನು ತಾನಾಗಿಯೇ ಎತ್ತಿದ. “ನಿನಗ್ಯಾರಪ್ಪ ಹೇಳಿದ್ರು?” ಎಂದರು ತಾಯಿ. ಯಾರೂ ಹೇಳಿರಲಿಲ್ಲ.

ಪೆಟ್ಟಿಗೆ ಹೊರಟ ದಿನ ಸಂಜೆ ಟಿ.ವಿ.ಗೆ ತಂತಿ ಜೋಡಿಸಿ ಆಟ ಹಚ್ಚಿದರು. ತಾಯಿ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲ ಬಳಿ ನಿಂತರು. ಕತ್ತಲೆಯ ಸೆರೆಮನೆ. ಗೋಡೆಗಳು ಅಲುಗದೆ ನಿಂತಿದ್ದವು. ಬಿಳಿಯ ಉಡುಪಿನ ರಾಜಕುಮಾರ ಓಡಿದ, ನೆಗೆದ, ಕಲ್ಲಿನ ಅಂಚಿಗೆ ಕೈ ಸಿಗದೆ ಗುಂಡಿಗೆ ಬಿದ್ದ.

ಅಜ್ಜನ ಕೈಯ ಅಡಕತ್ತರಿ ನಿಂತಿತು.

“ಇದೇ ಗುಂಡಿ” ಎಂದರು. “ಅವನೂ ಇಲ್ಲೇ ಬೀಳ್ತಿದ್ದ. ಇನ್ನೊಂದಾಟ ಹಚ್ಚು, ಮಗಾ.”